ಟರ್ಬೊ ಕಾರಿಗೆ ಯಾವ ಆಯಿಲ್? ಲ್ಯಾಬ್ ರಿಪೋರ್ಟಿನ ಯಾವ ಸಾಲು ನಂಬಬೇಕು?

ಟರ್ಬೊ ಪೆಟ್ರೋಲ್ ಕಾರು (ಹೊಗೆಯ ರಭಸಕ್ಕೆ ತಿರುಗುವ ಪಂಪು ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವಂಥದ್ದು) ಇಟ್ಟುಕೊಂಡ ಕೆಲವರಿಗೆ ಈಗ ಒಂದು ಹೊಸ ಹುಚ್ಚು ಹಿಡಿದಿದೆ. ಸರ್ವಿಸ್‌ನಲ್ಲಿ ಇಳಿಸಿದ ಹಳೆ ಎಂಜಿನ್ ಆಯಿಲನ್ನು ಸಣ್ಣ ಬಾಟಲಿಗೆ ಹಿಡಿದು ಲ್ಯಾಬ್‌ಗೆ ಕಳಿಸುತ್ತಾರೆ. ಸ್ವಲ್ಪ ದಿನ ಬಿಟ್ಟು ರಿಪೋರ್ಟ್ ಬರುತ್ತದೆ. ಕಬ್ಬಿಣ ಇಷ್ಟು ಪಿಪಿಎಂ, ತಾಮ್ರ ಇಷ್ಟು, ಸಿಲಿಕಾನ್ ಇಷ್ಟು, ವಿಸ್ಕಾಸಿಟಿ (ಆಯಿಲಿನ ದಪ್ಪ) ಇಷ್ಟು. ಅಲ್ಲಿಂದ ವಾದ ಶುರು. "ನನ್ನ ಕಾರಲ್ಲಿ ಕಬ್ಬಿಣ 12, ನಿಮ್ಮದರಲ್ಲಿ 19. ಅಂದ್ರೆ ನಾನು ಹಾಕಿದ ಆಯಿಲೇ ಒಳ್ಳೇದು, ಅಲ್ವಾ?"

ಹುಚ್ಚು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಎಡವಟ್ಟಾಗುವುದು ಆ ಕೊನೆಯ ಪ್ರಶ್ನೆಯಲ್ಲಿ. ರಿಪೋರ್ಟಿನಲ್ಲಿ ಎರಡು ಬಗೆಯ ಸಾಲುಗಳಿರುತ್ತವೆ. ಎಂಜಿನ್ ಎಷ್ಟು ಸವೆದಿದೆ ಎಂದು ಹೇಳುವ ಲೋಹಗಳು ಒಂದು ಕಡೆ. ಆಯಿಲ್ ತಾನೇ ಹೇಗಿದೆ ಎಂದು ಹೇಳುವ ಸಾಲುಗಳು ಇನ್ನೊಂದು ಕಡೆ: ವಿಸ್ಕಾಸಿಟಿ, ಬೆರೆತ ಪೆಟ್ರೋಲ್, ಆಕ್ಸಿಡೇಶನ್ (ಗಾಳಿ, ಬಿಸಿಗೆ ಆಯಿಲ್ ಹಳಸುವುದು), ಆಮ್ಲ ತಡೆಯುವ ಶಕ್ತಿ. ಆಯಿಲ್ ಆರಿಸುವವರಿಗೆ ಬೇಕಾದದ್ದು ಎರಡನೆಯದು. ಎಲ್ಲರ ಕಣ್ಣು ಹೋಗುವುದು ಮಾತ್ರ ಮೊದಲನೆಯದರ ಮೇಲೆ.

ಈ ಪರೀಕ್ಷೆ ಹುಟ್ಟಿದ್ದೇ ಬೇರೆ ಕೆಲಸಕ್ಕೆ. 1946ರಲ್ಲಿ ಅಮೆರಿಕದ ಡೆನ್ವರ್ ಅಂಡ್ ರಿಯೊ ಗ್ರಾಂಡೆ ವೆಸ್ಟರ್ನ್ ರೈಲ್ವೆ ತನ್ನ ಡೀಸೆಲ್ ಎಂಜಿನ್‌ಗಳ ಆಯಿಲಿನಲ್ಲಿ ಲೋಹ ಹುಡುಕಲು ಶುರುಮಾಡಿತು. ಆಮೇಲೆ ಅಮೆರಿಕದ ನೌಕಾಪಡೆ ಅದನ್ನು ವಿಮಾನದ ಎಂಜಿನ್‌ಗಳಿಗೂ ತಂದಿತು. ನಮ್ಮ ರೈಲ್ವೆಯ ಡೀಸೆಲ್ ಲೋಕೋ ಶೆಡ್‌ಗಳಲ್ಲೂ ಇದು ಮಾಮೂಲಿ ಕೆಲಸ. ಅಲ್ಲಿನ ಲೆಕ್ಕ ಸರಳ: ಅದೇ ಎಂಜಿನ್, ಅದೇ ಆಯಿಲ್, ಮತ್ತೆ ಮತ್ತೆ ಸ್ಯಾಂಪಲ್. ಪ್ರತಿಸಲ 20ರ ಆಸುಪಾಸಿನಲ್ಲಿದ್ದ ಕಬ್ಬಿಣ ಇದ್ದಕ್ಕಿದ್ದಂತೆ 60ಕ್ಕೆ ಹಾರಿದರೆ ಏನೋ ಕೆಟ್ಟಿದೆ, ಬಿಚ್ಚಿ ನೋಡಿ ಅಂತ. ಬೇರಿಂಗ್ ಮುರಿಯುವ ಮೊದಲೇ ಸುಳಿವು ಹಿಡಿಯುವುದು ಅದರ ಉದ್ದೇಶ. ಇದನ್ನು ರಕ್ತ ಪರೀಕ್ಷೆಗೆ ಹೋಲಿಸುವವರು ಬಹಳ. ಹೋಲಿಕೆ ಸರಿಯೇ. ಆದರೆ ರಕ್ತ ಪರೀಕ್ಷೆ ನಿಮಗೆ ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಹೇಳುತ್ತದೆಯೇ ಹೊರತು ಯಾವ ಹೋಟೆಲಿನ ಊಟ ಚೆನ್ನಾಗಿದೆ ಅಂತ ಹೇಳುವುದಿಲ್ಲ.

ಆ 12 ಮತ್ತು 19ನ್ನೇ ತೆಗೆದುಕೊಳ್ಳೋಣ. ಸಣ್ಣ ಟರ್ಬೊ ಎಂಜಿನ್‌ನಲ್ಲಿ ಸುಮಾರು 4 ಲೀಟರ್ ಆಯಿಲ್ ಹಿಡಿಯುತ್ತದೆ ಅಂದುಕೊಳ್ಳಿ. ಅದರ ತೂಕ ಹತ್ತಿರ ಹತ್ತಿರ 3.4 ಕಿಲೋ. ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. 7 ಪಿಪಿಎಂ ವ್ಯತ್ಯಾಸ ಅಂದರೆ ಹೆಚ್ಚುಕಡಿಮೆ 24 ಮಿಲಿಗ್ರಾಂ ಕಬ್ಬಿಣ. ಸಾವಿರಾರು ಕಿಲೋಮೀಟರ್ ಓಡಿದ ಮೇಲೆ, ಇಡೀ ಎಂಜಿನ್‌ನಿಂದ. ಇಷ್ಟು ಚಿಕ್ಕ ವ್ಯತ್ಯಾಸ ಬರಲು ಆಯಿಲ್ ಬೇರೆಯಾಗಬೇಕೆಂದೇನೂ ಇಲ್ಲ.

ಮೊದಲು ಕೇಳಬೇಕಾದ್ದು, ಎಷ್ಟು ಕಿಲೋಮೀಟರ್‌ಗೆ? 12 ಬಂದದ್ದು 6,000 ಕಿ.ಮೀ.ಗೆ, 19 ಬಂದದ್ದು 10,000ಕ್ಕೆ ಆಗಿದ್ದರೆ ಸಾವಿರ ಕಿಲೋಮೀಟರಿಗೆ 2 ಮತ್ತು 1.9. ಗೆದ್ದವರು ಸೋತರು! ಮಧ್ಯೆ ಅರ್ಧ ಲೀಟರ್ ಟಾಪ್-ಅಪ್ ಮಾಡಿದ್ದರೆ ಲೋಹವೂ ಅಷ್ಟು ತಿಳಿಯಾಗುತ್ತದೆ. ಅಂದರೆ ಆಯಿಲ್ ಕುಡಿಯುವ ಎಂಜಿನ್‌ನ ರಿಪೋರ್ಟ್ ಸುಮ್ನೆ ಚೆನ್ನಾಗಿ ಕಾಣಬಹುದು. ಇನ್ನೊಂದು, ಡ್ರೈನ್ ಬೋಲ್ಟ್ ಬಿಚ್ಚಿದಾಗ ಎಲ್ಲಾ ಆಯಿಲೂ ಇಳಿಯುವುದಿಲ್ಲ. ಕೂಲರ್, ಗ್ಯಾಲರಿ (ಎಂಜಿನ್ ಒಳಗೆ ಆಯಿಲ್ ಹರಿಯುವ ದಾರಿ), ಟರ್ಬೊ ಪೈಪ್ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಉಳಿಯುತ್ತದೆ. ಹತ್ತರಲ್ಲಿ ಒಂದು ಪಾಲು ಉಳಿಯಿತು, ಅದರಲ್ಲಿ 20 ಪಿಪಿಎಂ ಕಬ್ಬಿಣ ಇತ್ತು ಅಂದರೆ ಹೊಸ ಆಯಿಲಿನ ಖಾತೆ ಶುರುವಾಗುವುದೇ 2ರಿಂದ. ಹೊಸ ಎಂಜಿನ್ ಆದರಂತೂ ಮೊದಲ ಒಂದೆರಡು ಸರ್ವಿಸ್‌ವರೆಗೆ ಲೋಹ ಜಾಸ್ತಿಯೇ ಇರುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಎಷ್ಟು ಸಲ ಸ್ಟಾರ್ಟ್ ಮಾಡಿದಿರಿ, ಏರ್ ಫಿಲ್ಟರ್ ಸರಿಯಾಗಿ ಕೂತಿತ್ತಾ, ಎರಡೂ ಸ್ಯಾಂಪಲ್ ಒಂದೇ ಲ್ಯಾಬಿಗೆ ಹೋಗಿತ್ತಾ ಎನ್ನುವುದನ್ನೆಲ್ಲ ಇದರ ಮೇಲೆ ಸೇರಿಸಿ.

ನಿಜವಾಗಿ ಎರಡು ಆಯಿಲನ್ನು ಸವೆತದ ಮೇಲೆ ತೂಗಬೇಕಾದರೆ ಒಂದೇ ಕಾರು, ಒಂದೇ ದಾರಿ, ಪ್ರತಿ ಆಯಿಲಿಗೆ ಕಡೇ ಪಕ್ಷ ಮೂರು ಸರ್ವಿಸ್ ಬೇಕು. 10,000 ಕಿ.ಮೀ.ಗೆ ಒಂದರಂತೆ 60,000 ಕಿ.ಮೀ. ಅಷ್ಟರಲ್ಲಿ ಎಂಜಿನ್ನೇ ಹಳೆಯದಾಗಿರುತ್ತದೆ, ಹೋಲಿಕೆ ಮತ್ತೆ ಕೆಡುತ್ತದೆ. ಇಲ್ಲವೇ ಕಾರನ್ನೇ ಮಾರಿರುತ್ತೀರಿ.

ಇನ್ನು ಟರ್ಬೊ ವಿಷಯಕ್ಕೆ ಬರೋಣ. ಲೋಹದ ಸಾಲುಗಳು ಅತಿ ಕಡಿಮೆ ಹೇಳುವುದು ಇಲ್ಲಿಯೇ. ಸಣ್ಣ ಕಾರಿನ ಟರ್ಬೊ ಶಾಫ್ಟ್ ನಿಮಿಷಕ್ಕೆ 2 ಲಕ್ಷ ಸುತ್ತು ದಾಟಿ ತಿರುಗಬಲ್ಲದು. ಅದನ್ನು ಎತ್ತಿ ಹಿಡಿದಿರುವುದು ತೆಳ್ಳನೆಯ ಆಯಿಲ್ ಪದರ. ಅದೇ ಶಾಫ್ಟಿನ ಒಂದು ತುದಿಗೆ ಬಡಿಯುವ ಹೊಗೆಯ ಬಿಸಿ ಪೆಟ್ರೋಲ್ ಎಂಜಿನ್‌ಗಳಲ್ಲಿ 900 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಘಾಟಿ ಹತ್ತಿ ಬಂದು ತಟ್ಟನೆ ಎಂಜಿನ್ ಆಫ್ ಮಾಡಿದರೆ ಆಯಿಲ್ ಹರಿಯುವುದು ನಿಲ್ಲುತ್ತದೆ, ಬಿಸಿ ಮಾತ್ರ ಬೇರಿಂಗ್ ಕಡೆಗೆ ಹರಿಯುತ್ತಲೇ ಇರುತ್ತದೆ. ಅಲ್ಲೇ ನಿಂತ ಆಯಿಲ್ ಸೀದು ಕರಿಯಾಗಿ ಅಂಟಿಕೊಳ್ಳುತ್ತದೆ. ಇದಕ್ಕೆ ಕೋಕಿಂಗ್ ಅನ್ನುತ್ತಾರೆ. ಈಗಿನ ಎಷ್ಟೋ ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ಟರ್ಬೊಗೆ ಕೂಲಂಟ್ ಹರಿಸುವ ಪಂಪ್ ಇರುವುದರಿಂದ ಮೊದಲಿನಷ್ಟು ತೊಂದರೆಯಿಲ್ಲ. ಆದರೂ ಟರ್ಬೊ ಕಾರಿಗೆ ಆಯಿಲ್ ಆರಿಸುವಾಗ ಇದು ದೊಡ್ಡ ಚಿಂತೆ.

ಈ ಕರಿ ಲ್ಯಾಬ್ ಬಾಟಲಿಗೆ ಬರುವುದೇ ಇಲ್ಲ. ಅದು ಪೈಪಿನ ಒಳಗೋಡೆಗೆ ಅಂಟಿಕೊಂಡು ಅಲ್ಲೇ ಕೂತಿರುತ್ತದೆ. ಪಿಸ್ಟನ್ ರಿಂಗಿನ ಸಂದಿಯಲ್ಲಿ ಕಟ್ಟಿದ ಮಡ್ಡಿಯೂ ಬರುವುದಿಲ್ಲ. ಆವಿಯಾಗಿ ಇನ್‌ಟೇಕ್ ಕಡೆಗೆ ಹೋದ ಆಯಿಲೂ ಬರುವುದಿಲ್ಲ. ಕೊನೆಗೆ ದೊಡ್ಡ ಚೂರುಗಳೂ ಲೆಕ್ಕಕ್ಕೆ ಸಿಗುವುದಿಲ್ಲ, ಏಕೆಂದರೆ ಲೋಹ ಅಳೆಯುವ ಸಾಮಾನ್ಯ ಸ್ಪೆಕ್ಟ್ರೋಮೀಟರ್ ಸುಮಾರು 5ರಿಂದ 8 ಮೈಕ್ರಾನ್‌ಗಿಂತ ದಪ್ಪದ ಕಣವನ್ನು ಸರಿಯಾಗಿ ಕಾಣಲಾರದು. ಬೇರಿಂಗ್ ನಿಜಕ್ಕೂ ಕಿತ್ತು ಬರುತ್ತಿದ್ದರೆ ಅದರ ಚೂರು ಆಯಿಲ್ ಫಿಲ್ಟರಿನಲ್ಲಿ ಕೂತಿರುತ್ತದೆ. ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿ ನೋಡಿದರೆ ಕಣ್ಣಿಗೇ ಕಾಣುತ್ತದೆ. ರಿಪೋರ್ಟ್ ಹತ್ತು ಸಲ ಓದಿದರೂ ಕಾಣುವುದಿಲ್ಲ. ಟರ್ಬೊ ಪೈಪನ್ನು ನಿಧಾನವಾಗಿ ಕಟ್ಟಿಹಾಕುತ್ತಿರುವ ಆಯಿಲಿಗೂ ಬಹಳ ಚೆಂದದ ಲ್ಯಾಬ್ ರಿಪೋರ್ಟ್ ಬರಬಹುದು.

ಇದನ್ನು ಹಿಡಿಯುವ ಪರೀಕ್ಷೆಗಳು ಆಯಿಲ್ ಮಾರುಕಟ್ಟೆಗೆ ಬರುವ ಮೊದಲೇ ನಡೆದಿರುತ್ತವೆ. ನೋಆಕ್ ಪರೀಕ್ಷೆಯಲ್ಲಿ ಆಯಿಲನ್ನು 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಎಷ್ಟು ಆವಿಯಾಯಿತು ನೋಡುತ್ತಾರೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಕೊಡುವ ಎಸ್‌ಪಿ ದರ್ಜೆಗೆ 15 ಶೇಕಡಾ ಮಿತಿ, ಯುರೋಪಿನ ವಾಹನ ತಯಾರಕರ ಸಂಘ ಎಸಿಇಎಯ ಸಿ3 ದರ್ಜೆಗೆ 13. ಟರ್ಬೊದ ಬಿಸಿಯನ್ನು ಅನುಕರಿಸಿ ಎಷ್ಟು ಕರಿ ಕಟ್ಟಿತು ಎಂದು ತೂಗುವ ಟಿಯೋಸ್ಟ್ ಅಂತ ಇನ್ನೊಂದಿದೆ. 2020ರ ಮೇನಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯಲ್ಲಿ ಟರ್ಬೊ ಕಾರುಗಳಿಗಾಗಿಯೇ ಎರಡು ಎಂಜಿನ್ ಪರೀಕ್ಷೆಗಳು ಸೇರಿವೆ. ಎರಡೂ ನಡೆಯುವುದು ಫೋರ್ಡ್‌ನ 2 ಲೀಟರ್ ಟರ್ಬೊ ಎಂಜಿನ್ ಮೇಲೆ. ಒಂದು ಟೈಮಿಂಗ್ ಚೈನ್ ಸವೆತಕ್ಕೆ. ಇನ್ನೊಂದು ಎಲ್‌ಎಸ್‌ಪಿಐಗೆ, ಅಂದರೆ ಕಡಿಮೆ ವೇಗದಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಸ್ಪಾರ್ಕಿಗಿಂತ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ ಒಡೆಯುವ ತೊಂದರೆಗೆ. ಆಯಿಲಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಈ ತೊಂದರೆ ಹೆಚ್ಚುತ್ತದೆ ಎಂದು ಗೊತ್ತಾದ ಮೇಲೆ ಕಂಪನಿಗಳು ಕ್ಯಾಲ್ಸಿಯಂ ಇಳಿಸಿ ಮೆಗ್ನೀಸಿಯಂ ಏರಿಸಿದವು. ಲ್ಯಾಬ್ ರಿಪೋರ್ಟಿನಲ್ಲಿ ಈ ಎರಡು ಸಾಲು ನೋಡಿದರೆ ಹಳೆ ಕಾಲದ ಫಾರ್ಮುಲಾನೋ ಹೊಸದೋ ಎಂದು ಅಂದಾಜು ಮಾಡಬಹುದು. ಅಂದಾಜು ಮಾತ್ರ. ಡಬ್ಬದ ಮೇಲೆ ಎಸ್‌ಪಿ ಎಂದು ಬರೆದಿದೆಯಾ ನೋಡುವುದು ಇದಕ್ಕಿಂತ ಸುಲಭ, ಖರ್ಚೂ ಇಲ್ಲ.

ಹಾಗಾದರೆ ರಿಪೋರ್ಟ್ ಯಾಕೆ ಬೇಕು? ಕಂಪನಿಯ ಪರೀಕ್ಷಾ ಎಂಜಿನ್ ನಿಮ್ಮ ದಾರಿಯಲ್ಲಿ ಓಡಿರುವುದಿಲ್ಲ. ನಿಮ್ಮ ಕಾರು ನಿಮ್ಮ ಓಡಾಟದಲ್ಲಿ ಆಯಿಲನ್ನು ಏನು ಮಾಡುತ್ತಿದೆ ಎನ್ನುವುದನ್ನು ಹೇಳುವ ಅಗ್ಗದ ದಾರಿ ಇದೊಂದೇ. ಅದಕ್ಕೆ ನೋಡಬೇಕಾದ್ದು ವಿಸ್ಕಾಸಿಟಿ ಮತ್ತು ಬೆರೆತ ಪೆಟ್ರೋಲ್, ಎರಡನ್ನೂ ಜೊತೆಯಾಗಿ.

ನೇರ ಇಂಜೆಕ್ಷನ್ ಇರುವ ಟರ್ಬೊ ಎಂಜಿನ್‌ನಲ್ಲಿ ಪೆಟ್ರೋಲನ್ನು ಸಿಲಿಂಡರ್ ಒಳಗೇ ಚಿಮ್ಮಿಸುತ್ತಾರೆ. ಎಂಜಿನ್ ತಣ್ಣಗಿದ್ದರೆ ಒಂದಿಷ್ಟು ಪೆಟ್ರೋಲ್ ಗೋಡೆಗೆ ತಾಗಿ, ರಿಂಗ್ ದಾಟಿ, ಕೆಳಗಿನ ಆಯಿಲ್ ತೊಟ್ಟಿಗೆ (ಸಂಪ್) ಇಳಿಯುತ್ತದೆ. ಆಯಿಲ್ ಚೆನ್ನಾಗಿ ಬಿಸಿಯಾದರೆ ಅದು ಆವಿಯಾಗಿ ಹೋಗುತ್ತದೆ. ತಾಪತ್ರಯ ಇರುವುದು ಬಿಸಿಯಾಗುವುದರಲ್ಲಿ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ನಡುವಿಗೆ ಬಂದಿದ್ದು ಕೂಲಂಟ್ ಬಿಸಿಯಾಯಿತು ಅಂತ. ಆಯಿಲಿಗೆ ಇನ್ನೂ ಸಮಯ ಬೇಕು. ಮನೆಯಿಂದ ಮಗುವಿನ ಶಾಲೆ, ಅಲ್ಲಿಂದ ಆಫೀಸು, ಸಂಜೆ ಅದೇ ದಾರಿಯಲ್ಲಿ ವಾಪಸ್. ಬೆಂಗಳೂರಿನಲ್ಲಿ ಅರ್ಧ ಕಾರುಗಳ ಬದುಕು ಇಷ್ಟೇ. ಆಯಿಲ್ ಬಿಸಿಯಾಗುವ ಹೊತ್ತಿಗೆ ಪಾರ್ಕಿಂಗ್ ಬಂದಿರುತ್ತದೆ.

ಇದು ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ಚೀನಾದ ಕತೆ ಇದೆ. 2018ರಲ್ಲಿ ಹೋಂಡಾದ 1.5 ಲೀಟರ್ ಟರ್ಬೊ ಎಂಜಿನ್ ಇದ್ದ ಸಿಆರ್-ವಿ ಕಾರುಗಳಲ್ಲಿ, ಅದರಲ್ಲೂ ಚಳಿ ಜಾಸ್ತಿ ಇರುವ ಉತ್ತರದ ಊರುಗಳಲ್ಲಿ, ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಏರುತ್ತಾ ಹೋಯಿತು. ಏರಿದ್ದು ಪೆಟ್ರೋಲ್. ಅಲ್ಲಿ ಮಾರಾಟವನ್ನೇ ಕೆಲಕಾಲ ನಿಲ್ಲಿಸಿ, ಲಕ್ಷಾಂತರ ಕಾರುಗಳನ್ನು ವಾಪಸ್ ಕರೆಸಿ ಸರಿಪಡಿಸಬೇಕಾಯಿತು. ನಮ್ಮಲ್ಲಿ ಆ ಚಳಿ ಇಲ್ಲ, ಅಷ್ಟು ಕೆಡುವುದಿಲ್ಲ. ಆದರೆ ಡಿಪ್‌ಸ್ಟಿಕ್ ಎಳೆದಾಗ ಮಟ್ಟ ಮೇಲೇರಿದೆ, ಮೂಸಿದರೆ ಪೆಟ್ರೋಲ್ ವಾಸನೆ ಅನ್ನಿಸಿದರೆ ಕಾರಣ ಇದೇ.

ಈಗ ಅಂಕಿ ನೋಡಿ. 100 ಡಿಗ್ರಿಯಲ್ಲಿ ಅಳೆದಾಗ ವಿಸ್ಕಾಸಿಟಿ 9.3ರಿಂದ 12.5 ಸೆಂಟಿಸ್ಟೋಕ್ಸ್ (ವಿಸ್ಕಾಸಿಟಿಯ ಅಳತೆ) ಒಳಗೆ ಇದ್ದರೆ ಅದು 30ರ ಗ್ರೇಡ್, ಅಂದರೆ ಡಬ್ಬದ ಮೇಲಿನ 5ಡಬ್ಲ್ಯೂ-30ರ ಕೊನೆಯ ಅಂಕಿ. 6.9ರಿಂದ 9.3 ಒಳಗೆ ಇದ್ದರೆ 20ರ ಗ್ರೇಡ್. ಉದಾಹರಣೆಗೆ, ಹೊಸದಾಗಿದ್ದಾಗ 10.6 ಇದ್ದ 5ಡಬ್ಲ್ಯೂ-30 ಆಯಿಲ್ 7,000 ಕಿ.ಮೀ. ಕಳೆದು 8.8 ಬಂತು ಅನ್ನಿ. ನೀವು ದುಡ್ಡು ಕೊಟ್ಟದ್ದು 30ಕ್ಕೆ, ಎಂಜಿನ್‌ನಲ್ಲಿ ಓಡುತ್ತಿರುವುದು 20. ಈಗ ಪಕ್ಕದ ಸಾಲು ಓದಿ. ಬೆರೆತ ಪೆಟ್ರೋಲ್ 4 ಶೇಕಡಾ ಇದ್ದರೆ ತೆಳುವಾಗಲು ಅದೇ ಕಾರಣ. ಬ್ರ್ಯಾಂಡ್ ಬದಲಿಸಿದರೆ ಏನೂ ಆಗುವುದಿಲ್ಲ, ಎಷ್ಟು ದುಬಾರಿ ಆಯಿಲ್ ಹಾಕಿದರೂ ಪೆಟ್ರೋಲ್ ಅದನ್ನೂ ತೆಳು ಮಾಡುತ್ತದೆ. ಆಯಿಲನ್ನು 5,000 ಕಿ.ಮೀ.ಗೇ ಬದಲಿಸಿ, ಇಲ್ಲವೇ ಮ್ಯಾನುಯಲ್ ಒಪ್ಪುವುದಾದರೆ ಒಂದು ಗ್ರೇಡ್ ದಪ್ಪ ಹಾಕಿ. ವಾರಕ್ಕೊಮ್ಮೆ ಕಾರನ್ನು ಹೈವೇ ಮೇಲೆ ಅರ್ಧ ಮುಕ್ಕಾಲು ಗಂಟೆ ಓಡಿಸಿದರೂ ಅನುಕೂಲ.

ಪೆಟ್ರೋಲ್ 1 ಶೇಕಡಾಕ್ಕಿಂತ ಕಡಿಮೆ ಇದ್ದೂ ವಿಸ್ಕಾಸಿಟಿ ಇಳಿದಿದ್ದರೆ ಮಾತು ಬೇರೆ. ಆಯಿಲನ್ನು ಬಿಸಿಯಲ್ಲೂ ದಪ್ಪವಾಗಿಡಲು ಹಾಕಿರುವ ಪಾಲಿಮರ್ ಕತ್ತರಿಸಿ ಹೋಗಿದೆ ಅಂತ ಅರ್ಥ. ಇದು ಆಯಿಲಿನದೇ ದೋಷ. ರಿಪೋರ್ಟ್ ಹಿಡಿದು "ಈ ಆಯಿಲ್ ನನ್ನ ಕಾರಿಗೆ ಬೇಡ" ಎಂದು ಹೇಳಬಹುದಾದ ಕೆಲವೇ ಸಂದರ್ಭಗಳಲ್ಲಿ ಇದೂ ಒಂದು. ಉಲ್ಟಾ, ವಿಸ್ಕಾಸಿಟಿ ಏರಿ ಆಕ್ಸಿಡೇಶನ್ನೂ ಏರಿದ್ದರೆ ಆಯಿಲ್ ಬೆಂದಿದೆ: ಸರ್ವಿಸ್ ತಡವಾಯಿತು, ಇಲ್ಲವೇ ನಿಮ್ಮ ಓಡಾಟದ ಬಿಸಿಗೆ ಆ ಆಯಿಲ್ ಸಾಲದು.

ಪೆಟ್ರೋಲ್ ಎಷ್ಟು ಬೆರೆತಿದೆ ಎಂದು ಲ್ಯಾಬ್ ಹೇಗೆ ಅಳೆಯಿತು ಎನ್ನುವುದನ್ನು ಮರೆಯದೆ ಕೇಳಿ. ಕೆಲವು ಕಡೆ ಆಯಿಲ್ ಯಾವ ಬಿಸಿಗೆ ಹೊತ್ತಿಕೊಳ್ಳುತ್ತದೆ ನೋಡಿ ಅದರಿಂದ ಅಂದಾಜು ಮಾಡುತ್ತಾರೆ. ಆಯಿಲಿನ ಅಂಶಗಳನ್ನು ಬೇರೆ ಬೇರೆ ಮಾಡಿ ನೋಡುವ ಗ್ಯಾಸ್ ಕ್ರೊಮೆಟೋಗ್ರಫಿಯಲ್ಲಿ ಅಳೆದ ಅಂಕಿ ಅದಕ್ಕಿಂತ ನಂಬಿಕಸ್ಥ. ಸ್ಯಾಂಪಲ್ ಯಾವಾಗ ತೆಗೆದಿರಿ ಎನ್ನುವುದೂ ಮುಖ್ಯ. ಬೆಂಗಳೂರಿನಿಂದ ಮಂಗಳೂರಿಗೆ ಹೋಗಿ ಶಿರಾಡಿ ಘಾಟಿ ಹತ್ತಿ ವಾಪಸ್ ಬಂದ ಮರುದಿನ ತೆಗೆದರೆ ಎರಡು ತಿಂಗಳ ಪೆಟ್ರೋಲ್ ಆವಿಯಾಗಿ ಹೋಗಿರುತ್ತದೆ. ರಿಪೋರ್ಟ್ ಫಳಫಳ ಅನ್ನುತ್ತದೆ. ನೀವು ದಿನಾ ಓಡಿಸುವುದು ಸಿಟಿಯಲ್ಲಾದರೆ ಸಿಟಿ ಓಡಾಟದ ನಡುವೆಯೇ ತೆಗೆಯಬೇಕು. ಆಯಿಲ್ ಬಿಸಿ ಇರಬೇಕು, ಮೊದಲ ಸ್ವಲ್ಪ ಹರಿಯಲು ಬಿಟ್ಟು ನಡುವಿನ ಧಾರೆಯಿಂದ ಹಿಡಿಯಬೇಕು. ಗ್ಯಾರೇಜಿನ ಹುಡುಗ ಹಳೆ ಟ್ರೇಯಿಂದ ಸುರಿದು ಕೊಟ್ಟದ್ದು ಸ್ಯಾಂಪಲ್ ಅಲ್ಲ, ಹತ್ತು ಕಾರುಗಳ ಮಿಶ್ರಣ.

ಇ20, ಅಂದರೆ 20 ಶೇಕಡಾ ಇಥೆನಾಲ್ ಬೆರೆಸಿದ ಪೆಟ್ರೋಲ್, ಬಂದ ಮೇಲೆ ಈ ಲೆಕ್ಕಕ್ಕೆ ಇನ್ನೊಂದು ತಿರುವು ಸಿಕ್ಕಿದೆ. 2025ರಲ್ಲಿ ಆದ ಗಲಾಟೆಯೆಲ್ಲ ಮೈಲೇಜ್ ಮತ್ತು ರಬ್ಬರ್ ಭಾಗಗಳ ಸುತ್ತ, ಆಯಿಲ್ ಬಗ್ಗೆ ಮಾತಾಡಿದವರು ಕಡಿಮೆ. ಇಥೆನಾಲ್ ಕುದಿಯುವುದು 78 ಡಿಗ್ರಿಗೆ. ಹಾಗಾಗಿ ಬಿಸಿ ಆಯಿಲಿನಿಂದ ಅದು ಬೇಗ ಹೋಗಿಬಿಡುತ್ತದೆ, ಪೆಟ್ರೋಲಿನ ಭಾರದ ಅಂಶಗಳು ಹಿಂದೆ ಉಳಿಯುತ್ತವೆ. ಅಂದರೆ ಇಂಧನದ ಸಾಲಿನಲ್ಲಿ ಇಥೆನಾಲ್ ಕಾಣದೆ ಇರಬಹುದು. ಅದರ ಗುರುತು ಉಳಿದರೆ ನೀರು ಮತ್ತು ಆಮ್ಲದ ಸಾಲುಗಳಲ್ಲಿ. ಅದಕ್ಕೇ ಸಿಟಿ ಕಾರಿನವರು ಟಿಬಿಎನ್ ಮತ್ತು ಟಿಎಎನ್ ಎರಡನ್ನೂ ಮಾಡಿಸಬೇಕು. ಮೊದಲನೆಯದು ಆಮ್ಲ ತಡೆಯುವ ಶಕ್ತಿ ಎಷ್ಟು ಉಳಿದಿದೆ ಎಂದು ಹೇಳುತ್ತದೆ. ಎರಡನೆಯದು ಆಮ್ಲ ಎಷ್ಟು ಸೇರಿದೆ ಎಂದು. ಒಂದು ಇಳಿಯುತ್ತಾ ಇನ್ನೊಂದು ಏರುತ್ತಾ ಎರಡೂ ಸಂಧಿಸುವ ಹೊತ್ತಿಗೆ ಆಯಿಲ್ ಬದಲಾಗಿರಬೇಕು. ಇ20ಯಿಂದ ನನ್ನ ಎಂಜಿನ್ ಹಾಳಾಯಿತು ಎನ್ನುವವರಿಗೂ ಏನೂ ಆಗುವುದಿಲ್ಲ ಎನ್ನುವವರಿಗೂ ಈ ಎರಡು ಅಂಕಿಗಳು ಬಾಯಿಮಾತಿಗಿಂತ ಮೇಲು.

ಸುಳ್ಳು ಭಯ ಹುಟ್ಟಿಸುವ ಸಾಲುಗಳೂ ಇವೆ. ತಾಮ್ರ 40-50ಕ್ಕೆ ಏರಿದ ಕೂಡಲೇ ಟರ್ಬೊ ಬೇರಿಂಗ್ ಹೋಯಿತು ಎಂದು ಗಾಬರಿ ಬೀಳುವವರಿದ್ದಾರೆ. ಹೊಸ ಎಂಜಿನ್‌ನ ಆಯಿಲ್ ಕೂಲರಿನಲ್ಲಿ ತಾಮ್ರ ಇದ್ದರೆ ಅದು ರಾಸಾಯನಿಕವಾಗಿ ಕರಗಿ ಬರುತ್ತದೆ, ಸವೆತವೇ ಅಲ್ಲ. ಬೇರಿಂಗಿನದಾದರೆ ಜೊತೆಗೆ ಸೀಸ ಅಥವಾ ತವರವೂ ಏರಬೇಕು. ಪೊಟ್ಯಾಸಿಯಂ ಕಂಡರೆ ಕೂಲಂಟ್ ಸೋರಿದೆ ಎನ್ನುವುದು ಇನ್ನೊಂದು ನಂಬಿಕೆ. ಟರ್ಬೊ ಎಂಜಿನ್‌ಗಳಲ್ಲಿ ಇಂಟರ್‌ಕೂಲರ್ ಬೆಸುಗೆಗೆ ಬಳಸಿದ ಫ್ಲಕ್ಸಿನಿಂದಲೂ ಪೊಟ್ಯಾಸಿಯಂ ಮತ್ತು ಅಲ್ಯೂಮಿನಿಯಂ ಜೋಡಿಯಾಗಿ ಬರುತ್ತವೆ, ಒಂದೆರಡು ಸರ್ವಿಸ್ ಆದ ಮೇಲೆ ಇಳಿಯುತ್ತವೆ. ಸಿಲಿಕಾನ್ ಅಂದರೆ ಧೂಳು, ನಿಜ, ಆದರೆ ಹೊಸ ಎಂಜಿನ್‌ನಲ್ಲಿ ಅದು ಗ್ಯಾಸ್ಕೆಟ್ ಸೀಲಂಟ್ ಕೂಡ ಆಗಿರಬಹುದು. ಎಸ್ಟರ್ ಇರುವ ದುಬಾರಿ ಸಿಂಥೆಟಿಕ್ ಆಯಿಲಂತೂ ಸೀಲ್ ಒಡೆದ ದಿನವೇ ಆಕ್ಸಿಡೇಶನ್ ಜಾಸ್ತಿ ತೋರಿಸುತ್ತದೆ. ಎಸ್ಟರೂ ಹಳಸಿದ ಆಯಿಲೂ ಇನ್‌ಫ್ರಾರೆಡ್ ಪರೀಕ್ಷೆಯಲ್ಲಿ ಒಂದೇ ಜಾಗದಲ್ಲಿ ಕಾಣುವುದರಿಂದ ಹಾಗೆ.

ದಪ್ಪ-ತೆಳು ಜಗಳ ಬೇರೆಯೇ ಇದೆ. 2025ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ತನ್ನ 6.2 ಲೀಟರ್ ವಿ8 ಎಂಜಿನ್‌ನ ಸುಮಾರು 6 ಲಕ್ಷ ವಾಹನಗಳನ್ನು ಕರೆಸಿ, ತಪಾಸಣೆಯಲ್ಲಿ ಪಾಸಾದವಕ್ಕೆ 0ಡಬ್ಲ್ಯೂ-20 ಬದಲು 0ಡಬ್ಲ್ಯೂ-40 ಹಾಕಲು ಹೇಳಿತು. ದಪ್ಪ ಆಯಿಲ್ ಪರ ಇದ್ದವರಿಗೆ ಹಬ್ಬ. ಆದರೆ ಅದು ಟರ್ಬೊ ಎಂಜಿನ್ ಅಲ್ಲ, ಮೂಲ ದೋಷ ಇದ್ದದ್ದು ಕ್ರ್ಯಾಂಕ್‌ಶಾಫ್ಟ್ ಮತ್ತು ಕನೆಕ್ಟಿಂಗ್ ರಾಡ್ ತಯಾರಿಕೆಯಲ್ಲಿ. ನನ್ನ ಪ್ರಕಾರ ಗ್ರೇಡ್ ಸಂಖ್ಯೆಗಿಂತ ಎಚ್‌ಟಿಎಚ್‌ಎಸ್ ನೋಡುವುದು ಮೇಲು, ಅಂದರೆ 150 ಡಿಗ್ರಿ ಬಿಸಿಯಲ್ಲಿ ಜೋರಾಗಿ ಉಜ್ಜಿದಾಗ ಉಳಿಯುವ ದಪ್ಪ. ಎರಡು ಡಬ್ಬದ ಮೇಲೂ 5ಡಬ್ಲ್ಯೂ-30 ಎಂದೇ ಇರುತ್ತದೆ. ಎಸಿಇಎ ಸಿ2 ಆದರೆ 2.9 ಇದ್ದರೂ ಸಾಕು, ಸಿ3 ಆದರೆ 3.5 ಇರಲೇಬೇಕು. ಟರ್ಬೊ ಬೇರಿಂಗಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ. ಸಾಮಾನ್ಯ ಲ್ಯಾಬ್ ರಿಪೋರ್ಟಿನಲ್ಲಿ ಈ ಸಾಲು ಇರುವುದಿಲ್ಲ, ಆಯಿಲ್ ಕಂಪನಿಯ ಡೇಟಾ ಶೀಟಿನಲ್ಲಿ ಹುಡುಕಬೇಕು. ವಾರಂಟಿ ಇರುವವರೆಗೆ ಮ್ಯಾನುಯಲ್ ಹೇಳಿದ ದರ್ಜೆ ಬಿಟ್ಟು ಹೋಗಬೇಡಿ. ಡೀಲರ್ ಮುಂದೆ ನಿಮ್ಮ ಲ್ಯಾಬ್ ರಿಪೋರ್ಟ್ ನಡೆಯುವುದಿಲ್ಲ.

ಪರೀಕ್ಷೆಗೆ ದುಡ್ಡು ಹಾಕುವುದೇ ಆದರೆ ಮೊದಲು ಡಬ್ಬದಿಂದ ಹೊಸ ಆಯಿಲನ್ನೇ ಒಂದು ಬಾಟಲಿ ಕಳಿಸಿ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್ ಆದರೆ ಒಳ್ಳೆಯದು. ವಿಸ್ಕಾಸಿಟಿ, ಟಿಬಿಎನ್, ಆಕ್ಸಿಡೇಶನ್ ಎಲ್ಲಿಂದ ಶುರುವಾಯಿತು ಎಂದು ಗೊತ್ತಿಲ್ಲದೆ ಎಲ್ಲಿಗೆ ಬಂತು ಎಂದು ಹೇಳಲಾಗದು. ಇನ್ನೊಂದು ಲಾಭವೂ ಉಂಟು. ಎಪಿಐ ಎಸ್‌ಪಿ ಗುರುತಿನ 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30 ಆಯಿಲಿನಲ್ಲಿ ಸವೆತ ತಡೆಯಲು ಬೆರೆಸುವ ರಂಜಕ 600ರಿಂದ 800 ಪಿಪಿಎಂ ಒಳಗೆ ಇರಬೇಕು, ಸತು ಅದಕ್ಕಿಂತ ಒಂದಿಷ್ಟು ಜಾಸ್ತಿ. ಹೊಸ ಡಬ್ಬದ ಆಯಿಲಿನಲ್ಲೇ ರಂಜಕ 250 ಬಂತು, ವಿಸ್ಕಾಸಿಟಿ ಡೇಟಾ ಶೀಟಿಗೆ ತಾಳೆಯಾಗಲಿಲ್ಲ ಅಂದರೆ ಆ ಡಬ್ಬದಲ್ಲಿರುವುದು ನಕಲಿ ಆಯಿಲ್ ಎಂದು ಗಟ್ಟಿಯಾಗಿ ಅನುಮಾನಿಸಬಹುದು. ಎಂಜಿನ್‌ಗೆ ಸುರಿಯದೆ, ಬಿಲ್ ಸಮೇತ ಡಬ್ಬವನ್ನು ತೆಗೆದಿಟ್ಟು ಆಯಿಲ್ ಕಂಪನಿಗೇ ದೂರು ಕೊಡಿ.